ಗಾಳೆಮ್ಮ ಗುಡಿಸಿದ ಗುರುತು

ಕೊಟ್ಟೂರು ಕ್ಲಬ್ಬಿನ ಟೆನಿಸ್ ಅಂಗಳ ಅಂದರೆ ಗಾಳೆಮ್ಮನ ಕೈಗೆಲಸ. ಅವಳೂ ಗಂಡ ಉಚ್ಚಂಗೆಪ್ಪನೂ ಕೆಮ್ಮಣ್ಣು ಹಾಸಿ, ನೀರು ಹೊಡೆದು, ಕಲ್ಲುಗುಂಡು ಉರುಳಿಸಿ, ತೆಳ್ಳಗೆ ಸಗಣಿ ಸಾರಿಸುತ್ತಿದ್ದರು, ಥೇಟ್ ಜೋಳದ ಕಣ ಮಾಡಿದ ಹಾಗೆ. ಕಣದ ಮೇಲೆ ಒಂದು ಕಲೆ ಕಂಡರೂ ಗಾಳೆಮ್ಮನ ಕೈ ಸುಮ್ಮನಿರುವ ಕೈಯಲ್ಲ. ಎಡವಟ್ಟಾದದ್ದೇ ಅದರಿಂದ.

2003ರ ಆ ಭಾನುವಾರ ಐದು ಜಿಲ್ಲೆಗಳ ಪಂದ್ಯಾವಳಿಯ ಫೈನಲ್. ಹತ್ತಿ ವ್ಯಾಪಾರಿ ಗುರುಸಂಗಪ್ಪನವರ ಮಗಳು ಅಮೃತಾ ಆರು ವರ್ಷದಿಂದ ಕಪ್ಪನ್ನು ಬೇರೆ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಏಳನೆಯದೂ ಅವಳದೇ ಅಂತ ಊರು ಪೆಂಡಾಲಿನಲ್ಲಿ ಮಂಡಕ್ಕಿ ಮೆಲ್ಲುತ್ತ ಕೂತಿತ್ತು. ಎದುರಿಗೆ ದಾವಣಗೆರೆಯ ಪುಷ್ಪಲತಾ.

ಮೊದಲ ಸೆಟ್ ಅಮೃತಾ ಗೆದ್ದಳು. ಎರಡನೆಯದರಲ್ಲಿ ಇನ್ನೊಂದೇ ಪಾಯಿಂಟು ಬಂದರೆ ಕಪ್ಪು ಅವಳದು. ಅವಳು ಹೊಡೆದ ಚೆಂಡು ಮೂಲೆಯ ಸುಣ್ಣದ ಗೆರೆ ಹತ್ತಿರ ಬಿತ್ತು. ಗೆರೆ ಕಾಯುವವನು ಹೊರಗೆ ಅಂದ, ಅಮೃತಾ ಒಳಗೆ ಅಂದಳು. ಅಂಪೈರ್ ಸೋಮಪ್ಪ ಮೇಷ್ಟ್ರು ಎತ್ತರದ ಕುರ್ಚಿಯಿಂದ ಮೆಲ್ಲಗೆ ಇಳಿಯತೊಡಗಿದರು. ಹೆಂಗೂ ಆಟ ನಿಂತೈತಲ್ಲ ಅಂತ ಗಾಳೆಮ್ಮ ಓಡಿಹೋಗಿ ಎರಡು ಸಲ ಕಸಬರಿಗೆ ಆಡಿಸಿಬಿಟ್ಟಳು.

"ಗಾಳೆಮ್ಮಾ, ಚೆಂಡು ಬಿದ್ದ ಗುರುತೆಲ್ಲಿ?" ಅಂದರು ಮೇಷ್ಟ್ರು.

"ಕಲಿ ಆಗಿತ್ರಿ, ತಗದೀನ್ರಿ."

ಆ ಕಲೆ ನೋಡಿಯೇ ಚೆಂಡು ಒಳಗೋ ಹೊರಗೋ ಅಂತ ಹೇಳುವುದಂತೆ! ಈಗ ನೋಡಲು ಏನೂ ಇಲ್ಲ, ಗೆರೆ ಕಾಯುವವನ ಮಾತೇ ಖಾಯಂ ಆಯಿತು. ಆಮೇಲೆ ಆಟ ತಿರುಗಿ ಆ ಸೆಟ್ಟು ಪುಷ್ಪಲತಾಳ ಪಾಲಾಯಿತು.

"ಏನ್ ಮಾಡಿದಿಲೇ," ಅಂದ ಉಚ್ಚಂಗೆಪ್ಪ. "ಆ ಹುಡುಗಿ ಸೋತ್ರ ಊರಾಗ ಮಖ ಹೆಂಗ ತೋರ್ಸಾದು?"

ಗಾಳೆಮ್ಮನಿಗೆ ಊರಿನ ಚಿಂತೆ ಇರಲಿಲ್ಲ. ಅಮೃತಾ ಹನ್ನೆರಡನೆಯ ವಯಸ್ಸಿನಿಂದ ಬೆಳಿಗ್ಗೆ ಆರಕ್ಕೆ ಬಂದು, ನೀರು ಹೊಡೆಯುವಾಗ ತಾನೂ ಕೊಡ ಎತ್ತಿದವಳು. ಅಂಥವಳ ಗೆಲುವನ್ನು ನಾನೇ ಗುಡಿಸಿ ಹಾಕಿದೆನಲ್ಲ ಅಂತ ಹಳಹಳಿಸಿದಳು. ಕೊಟ್ಟೂರು ಬಸಪ್ಪನಿಗೆ ಐದು ಕಾಯಿ ಹರಕೆ ಹೊತ್ತು, ಕಸಬರಿಗೆಯನ್ನು ತೊಡೆ ಕೆಳಗೆ ಒತ್ತಿಕೊಂಡು ಕೂತಳು.

ಕೊನೆಯ ಸೆಟ್ಟು ಎಳೆದಾಡಿತು. ಐದು-ನಾಲ್ಕು, ಅಮೃತಾಳಿಗೆ ಮತ್ತೆ ಒಂದೇ ಪಾಯಿಂಟು ಬೇಕು. ಅವಳು ಹೊಡೆದ ಚೆಂಡು ಅದೇ ಹಾಳು ಮೂಲೆಗೆ ಬಿತ್ತು. ಗೆರೆ ಕಾಯುವವನು ಮತ್ತೆ ಹೊರಗೆ ಅಂತ ಕೈ ಎತ್ತಿದ.

ಗಾಳೆಮ್ಮ ಕಸಬರಿಗೆ ಅಲ್ಲೇ ಬಿಟ್ಟು ಓಡಿದಳು. ಗುರುತಿನ ಪಕ್ಕ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಿಂತು, ಹತ್ತಿರ ಬಂದವರಿಗೆಲ್ಲ ಕೈ ಅಡ್ಡ ಹಿಡಿದಳು.

"ಯಾರೂ ತುಳಿಬ್ಯಾಡ್ರಿ. ಮೇಷ್ಟ್ರು ನೋಡ್ಲಿ."

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿದರು. ದುಂಡನೆಯ ಗುರುತು ಸುಣ್ಣದ ಗೆರೆಯನ್ನು ಅರ್ಧ ತಿಂದಿತ್ತು.

"ಒಳಗೈತಿ," ಅಂದರು.

ಪೆಂಡಾಲು ಎದ್ದು ನಿಂತಿತು. ಏಳನೆಯ ಕಪ್ಪು ಅಮೃತಾಳದೇ. ಗಾಳೆಮ್ಮ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ಬದುಕಿದೆ ನನ್ನಪ್ಪಾ ಅಂದುಕೊಂಡಳು, ಕಣ್ಣಲ್ಲಿ ನೀರು ತುಂಬಿತು. ಅಮೃತಾ ಬೆವರು ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು.

"ಗಾಳೆಮ್ಮಕ್ಕ, ಈಗ ಬೇಕಾದ್ರ ಗುಡಿಸು."

"ಇವತ್ತು ಒಲ್ಲೆ ಬಿಡವ್ವಾ," ಅಂದಳು ಗಾಳೆಮ್ಮ.

ಆ ಒಂದು ಕಲೆ ಸೋಮವಾರ ಸಂಜೆವರೆಗೂ ಅಲ್ಲೇ ಇತ್ತು.