ಅಳಿಯನ ಜಾಗ

ಅಬು ಹಮೂರಿನ ಇಗರ್ಜಿಯಲ್ಲಿ ಶುಕ್ರವಾರದ ಬಲಿಪೂಜೆ ಮುಗಿದಾಗ ಒಂಬತ್ತೂಕಾಲು. ಫೈನಲ್ ಸಂಜೆ ನಾಲ್ಕಕ್ಕೆ. ಅಷ್ಟರೊಳಗೆ ಇತ್ಯರ್ಥವಾಗಬೇಕಿದ್ದ ವಿಷಯ ಒಂದೇ: ಎಮ್ರಿಸ್ ಪ್ರಾಸರ್ ಆಡಬಹುದೋ, ಇಲ್ಲವೋ.

ದೋಹಾದಲ್ಲಿರುವ ಕರಾವಳಿ ಕ್ರೈಸ್ತರು ವರ್ಷಕ್ಕೊಮ್ಮೆ ನಡೆಸುವ ಏಳು ಜನರ ಫುಟ್‌ಬಾಲ್ ಟೂರ್ನಿಯಲ್ಲಿ ತಂಡಗಳು ಊರಿನ ಇಗರ್ಜಿಗಳ ಪ್ರಕಾರ ಇರುತ್ತವೆ. ಆಟಗಾರ ಜ್ಞಾನಸ್ನಾನದ ಸರ್ಟಿಫಿಕೇಟಿನ ಪ್ರತಿ ಕೊಡಬೇಕು. ಒಂದು ವಿನಾಯಿತಿಯೆಂದರೆ, ಪ್ರತಿ ತಂಡ ಒಬ್ಬ ಅಳಿಯನನ್ನು ಸೇರಿಸಿಕೊಳ್ಳಬಹುದು. ಮದುವೆಯ ಸರ್ಟಿಫಿಕೇಟ್ ಸಾಕು. ಅದುವರೆಗೆ ಅತಿ ದೂರದಿಂದ ಬಂದ ಅಳಿಯ ಮುಂಬೈ ಹತ್ತಿರದ ವಸಾಯಿಯವನು. ಎಮ್ರಿಸ್ ವೇಲ್ಸ್‌ನವನು.

ಅವನ ಹೆಂಡತಿ ಐವಿ ಶಿರ್ವದವಳು, ನರ್ಸ್. ವೇಲ್ಸ್‌ನ ಆಸ್ಪತ್ರೆಯೊಂದರಲ್ಲಿ ಆರು ವರ್ಷ ಕೆಲಸ ಮಾಡಿ ಸೆಪ್ಟೆಂಬರಿನಲ್ಲಿ ದೋಹಾಕ್ಕೆ ಬಂದಿದ್ದಳು. ಎಮ್ರಿಸ್ ಅವಳ ಜೊತೆ ಬಂದ. ವಯಸ್ಸು ಮೂವತ್ತೈದು. ಎರಡೂ ಮೊಣಕಾಲುಗಳಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಹನ್ನೆರಡು ಸೀಸನ್ ಕೆಳದರ್ಜೆಯ ಲೀಗುಗಳಲ್ಲಿ ಮಿಡ್‌ಫೀಲ್ಡರ್ ಆಗಿ ಆಡಿದ್ದ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಲೀಗ್ ನಿಂತಿತು. ಜೂನ್‌ನಲ್ಲಿ ಕ್ಲಬ್ಬಿನಿಂದ, ಒಪ್ಪಂದ ಮುಂದುವರಿಸುವುದಿಲ್ಲ ಎಂಬ ನಾಲ್ಕು ಸಾಲಿನ ಇಮೇಲ್ ಬಂತು. ಇದು ಕೊನೆಯದು ಎಂದು ಗೊತ್ತಿದ್ದು ಆಡಿದ ಪಂದ್ಯ ಅವನಿಗೆ ಇರಲಿಲ್ಲ. ಶಿರ್ವದ ಪರ ಮೂರು ಪಂದ್ಯ ಆಡಿದ ಮೇಲೆ ಅವನು ಐವಿಗೆ ಹೇಳಿದ್ದ: ಫೈನಲ್ ಆಡುತ್ತೇನೆ, ಆಮೇಲೆ ಬೂಟು ಹಾಕುವುದಿಲ್ಲ.

ಗುರುವಾರ, ಫೈನಲ್‌ನ ಎದುರಾಳಿಯಾದ ಕಿನ್ನಿಗೋಳಿ ತಂಡದ ಮ್ಯಾನೇಜರ್ ಗೇಬ್ರಿಯಲ್ ಆಕ್ಷೇಪ ಸಲ್ಲಿಸಿದ. ನಿಯಮ ಏಳರ ಪ್ರಕಾರ, ಫುಟ್‌ಬಾಲನ್ನು ಉದ್ಯೋಗವಾಗಿ ಮಾಡಿಕೊಂಡಿದ್ದವರಿಗೆ ಪ್ರವೇಶವಿಲ್ಲ. ಆಕ್ಷೇಪಕ್ಕೆ ಎಮ್ರಿಸ್‌ನ ಆಟದ ದಾಖಲೆಯಿದ್ದ ಅಂತರ್ಜಾಲದ ಒಂದು ಪುಟವನ್ನು ಲಗತ್ತಿಸಿದ್ದ.

ವಿಚಾರಣೆ ನಡೆದದ್ದು ಪಾರ್ಕಿಂಗ್ ಜಾಗದಲ್ಲಿ, ಸಮಿತಿಯ ಕಾರ್ಯದರ್ಶಿ ಆನ್ಸೆಲ್ಮ್‌ನ ಕಾರಿನ ಬಾನೆಟ್ ಮೇಲೆ. ದುಖಾನ್‌ನ ತೈಲ ಕಂಪನಿಯಲ್ಲಿ ಗುಮಾಸ್ತನಾಗಿರುವ ಅವನು ಬೆಳಗ್ಗೆ ಆರೂವರೆಗೇ ಹೊರಟು ಬಂದಿದ್ದ. ಕಾಗದದ ಲೋಟಗಳಲ್ಲಿ ಕರಕ್ ಚಹಾ ಇತ್ತು.

"ಇಲ್ಲೇ ಉಂಟಲ್ಲ," ಎಂದ ಗೇಬ್ರಿಯಲ್. "ಇಂಗ್ಲೆಂಡಿನ ನಾಲ್ಕನೇ ದರ್ಜೆ, 2008ರಿಂದ 2012. ಫುಲ್ ಟೈಮ್. ಇನ್ನೆಂಥ ಸಾಕ್ಷಿ ಬೇಕು?"

ಶಿರ್ವದ ನಾಯಕ, ಐವಿಯ ತಮ್ಮ ಬ್ರ್ಯಾಂಡನ್ ಸಿದ್ಧನಾಗಿಯೇ ಬಂದಿದ್ದ. "ನಾಲ್ಕು ವರ್ಷದಲ್ಲಿ ಎಷ್ಟು ಮ್ಯಾಚ್? ಸಿಕ್ಸ್‌ಟಿ ಫೋರ್. ವರ್ಷಕ್ಕೆ ಹದಿನಾರು. ಉಳಿದದ್ದೆಲ್ಲ ಬೆಂಚು ಬಿಸಿ ಮಾಡಿದ್ದು, ಮಾರಾಯ. ಅದಕ್ಕೆ ಉದ್ಯೋಗ ಅಂತಾರಾ?"

"ಸಂಬಳ ಬಂದಿದೆಯಲ್ಲ?"

"ಸಂಬಳ ನಿನಗೂ ಬರ್ತದೆ. ನೀನು ಕೆಲಸ ಮಾಡ್ತೀಯಾ?"

ಸುತ್ತ ನಿಂತವರು ನಕ್ಕರು. ಗೇಬ್ರಿಯಲ್ ಕೂಡ ನಕ್ಕ.

"ಆಮೇಲೆ ಎಂಟು ವರ್ಷ ಪಾರ್ಟ್ ಟೈಮ್," ಬ್ರ್ಯಾಂಡನ್ ಮುಂದುವರಿಸಿದ. "ಹಗಲು ವ್ಯಾನಿನಲ್ಲಿ ಪಾರ್ಸೆಲ್ ಹಂಚುತ್ತಿದ್ದ. ಟೋಟಲ್ ಟೂ ಲೆವೆನ್ ಮ್ಯಾಚ್, ನೈನ್ ಗೋಲ್. ಹನ್ನೆರಡು ವರ್ಷಕ್ಕೆ ಒಂಬತ್ತು! ನಮ್ಮ ಶರಲ್ ಈ ಟೂರ್ನಿಯಲ್ಲೇ ಐದು ಹೊಡೆದಿದ್ದಾನೆ. ಭಾವ ಒಳ್ಳೆಯ ಮನುಷ್ಯ, ಆದರೆ ಅವನು ಪಾರ್ಸೆಲ್‌ನವನು. ಫುಟ್‌ಬಾಲ್ ವಾರಕ್ಕೊಂದು ದಿನದ ಖಯಾಲಿ."

ಮಾತು ಕೊಂಕಣಿಯಲ್ಲಿತ್ತು. ಐವಿ ಗಂಡನ ಪಕ್ಕ ನಿಂತು ಅಲ್ಲಲ್ಲಿ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು. "ನಿನ್ನನ್ನು ಆಡಿಸಲು ವಾದ ಮಾಡುತ್ತಿದ್ದಾನೆ," ಎಂದಳು. ಬೆಂಚಿನ ಮಾತನ್ನು ಬಿಟ್ಟಳು, ಖಯಾಲಿಯನ್ನೂ ಬಿಟ್ಟಳು. ಆದರೆ ಅವನ ಪಂದ್ಯ, ಗೋಲುಗಳ ಅಂಕೆಗಳು ಇಂಗ್ಲಿಷಿನಲ್ಲೇ ಬರುತ್ತಿದ್ದವು. ಸಿಕ್ಸ್‌ಟಿ ಫೋರ್, ಟೂ ಲೆವೆನ್, ನೈನ್. ಪ್ರತಿ ಅಂಕೆಯ ನಂತರ ಯಾರು ನಕ್ಕರು ಎಂಬುದೂ ಎಮ್ರಿಸ್‌ಗೆ ಕಾಣುತ್ತಿತ್ತು. ಅವನು ಚಹಾ ಕುಡಿದ. ಅದು ಆರಿತ್ತು.

ಆನ್ಸೆಲ್ಮ್ ಅವನತ್ತ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ: "ಇವರು ಹೇಳಿದ್ದು ಸರಿಯೇ? ನೀವು ಮುಖ್ಯವಾಗಿ ಪಾರ್ಸೆಲ್ ಕೆಲಸದವರೇ?"

"ಎಂಟು ವರ್ಷ ಆ ಕೆಲಸ ಮಾಡಿದ್ದೇನೆ," ಎಂದ ಎಮ್ರಿಸ್.

"ಅದಕ್ಕೂ ಮೊದಲು?"

ಬ್ರ್ಯಾಂಡನ್ ನಡುವೆ ಬಾಯಿ ಹಾಕಿದ. "ಅದಕ್ಕೂ ಮೊದಲು ಹುಡುಗ. ಖಲಾಸ್. ಬರೆಯಿರಿ ಆನ್ಸೆಲ್ಮ್ ಬಾಬ್, ಸೈನ್ ಹಾಕ್ತಾನೆ."

ಆನ್ಸೆಲ್ಮ್ ಗೇಬ್ರಿಯಲ್‌ನನ್ನು ನೋಡಿದ. ಆಟಗಾರನೇ ಬರೆದುಕೊಟ್ಟರೆ ಆಕ್ಷೇಪ ವಾಪಸು ಎಂದ ಗೇಬ್ರಿಯಲ್. ಅವನಿಗೆ ಬೇಕಿದ್ದುದು ಕಾಗದ. ಮುಂದಿನ ವರ್ಷ ಬೇರೆ ಯಾರಾದರೂ ಇಂಥವನನ್ನು ತಂದರೆ, ಅವನೂ ಹೀಗೇ ಬರೆದುಕೊಡಲಿ ಎಂದು ತೋರಿಸಲು.

ಆನ್ಸೆಲ್ಮ್ ಆ ಮುದ್ರಿತ ಪುಟದ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಎರಡು ವಾಕ್ಯ ಬರೆದ. ಮೊದಲನೆಯದು: 2008ರಿಂದ 2020ರವರೆಗೆ ನಾನು ಒಟ್ಟು 211 ಪಂದ್ಯಗಳನ್ನು ಆಡಿದ್ದೇನೆ. ಎರಡನೆಯದು: ಫುಟ್‌ಬಾಲ್ ಯಾವ ಅವಧಿಯಲ್ಲೂ ನನ್ನ ಉದ್ಯೋಗವಾಗಿರಲಿಲ್ಲ. ಕೆಳಗೆ ಗೆರೆ ಎಳೆದು ಪೆನ್ನು ಕೊಟ್ಟ.

ಎಮ್ರಿಸ್ ಎರಡು ಸಲ ಓದಿದ. ಮೊದಲ ವಾಕ್ಯದ 211 ಅನ್ನು ಹೊಡೆದು, ಮೇಲೆ 212 ಎಂದು ಬರೆದು, ಪಕ್ಕದಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನು ಹಾಕಿದ.

"ಪುಟದಲ್ಲಿ ಟೂ ಲೆವೆನ್ ಅಂತಲೇ ಇದೆ," ಎಂದ ಬ್ರ್ಯಾಂಡನ್.

"ಪುಟ ತಪ್ಪು."

"ಆಯ್ತು ಭಾವ, ಟೂ ಟ್ವೆಲ್ವ್. ಈಗ ಸೈನ್ ಹಾಕು. ಯಲ್ಲಾ, ಬೇಗ."

ಎಮ್ರಿಸ್ ಗೆರೆಯ ಮೇಲೆ ಪೆನ್ನಿಟ್ಟ. ಒಂದು ಚುಕ್ಕೆ ಬಿತ್ತು. ನಂತರ ಪೆನ್ನಿನ ಮುಚ್ಚಳ ಹಾಕಿ ಬಾನೆಟ್ ಮೇಲಿಟ್ಟ.

"ಎರಡನೆಯದು ನಿಜವಲ್ಲ," ಎಂದ.

ಯಾರೂ ಸಿಟ್ಟಾಗಲಿಲ್ಲ. ಬ್ರ್ಯಾಂಡನ್ ಅಕ್ಕನನ್ನು ನೋಡಿದ. ಐವಿ ಗಂಡನ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು. ಆನ್ಸೆಲ್ಮ್ ಗಡಿಯಾರ ನೋಡಿ, ಕಾಗದ ಮಡಚಿ, ಆಕ್ಷೇಪವನ್ನು ಎತ್ತಿಹಿಡಿಯಲಾಗಿದೆ ಎಂದ. ಗೇಬ್ರಿಯಲ್ ಎಮ್ರಿಸ್‌ನ ಕೈ ಕುಲುಕಿದ.

ಸಂಜೆ ಶಿರ್ವ ಅಳಿಯನ ಜಾಗದಲ್ಲಿ ಬದಲಿ ಆಟಗಾರನನ್ನು ಇಳಿಸಿತು. ಪಂದ್ಯ 1–1, ಪೆನಾಲ್ಟಿಯಲ್ಲಿ ಕಿನ್ನಿಗೋಳಿ 4–3. ಶರಲ್ ಹೊಡೆದದ್ದು ಕಂಬಕ್ಕೆ ತಾಗಿತು. ಎಮ್ರಿಸ್ ಅಂಗಿ ಪ್ಯಾಂಟಿನಲ್ಲಿ ಅಂಕಣದ ಗೆರೆಯ ಹೊರಗೆ ನಿಂತು ನೋಡಿದ. ಬೂಟಿನ ಚೀಲ ಕಾರಿನಲ್ಲೇ ಇತ್ತು. ವಿರಾಮದಲ್ಲಿ ಬ್ರ್ಯಾಂಡನ್ ಅವನ ಹತ್ತಿರ ಬಂದು, ನಡುಭಾಗದಲ್ಲಿ ಎಲ್ಲಿ ಜಾಗ ಬಿಡುತ್ತಿದ್ದೇವೆ ಎಂದು ಕೇಳಿದ. ಎಮ್ರಿಸ್ ಬೆರಳಿನಿಂದ ತೋರಿಸಿದ. ಮುಗಿದ ಮೇಲೆ ಬ್ರ್ಯಾಂಡನ್ ಬರಲಿಲ್ಲ.

ಅಲ್ ಮನ್ಸೂರಾದ ಮನೆಗೆ ಐವಿಯೇ ಕಾರು ಓಡಿಸಿದಳು. ಸಿಗ್ನಲ್ ಕೆಂಪಾಗಿತ್ತು. ಬದಿಯ ಮನಿ ಎಕ್ಸ್‌ಚೇಂಜಿನ ಮುಂದೆ ಸಾಲು ನಿಂತಿತ್ತು.

"ಆ ಇನ್ನೊಂದು ಮ್ಯಾಚ್ ಯಾವುದು?" ಎಂದು ಕೇಳಿದಳು.

"2009, ಅಕ್ಟೋಬರ್. ಮಂಗಳವಾರ. ಕಪ್ ಪಂದ್ಯ, ಎದುರಾಳಿಯ ಮೈದಾನ. ಎಂಬತ್ತೆಂಟನೇ ನಿಮಿಷದಲ್ಲಿ ಇಳಿಸಿದರು."

"ಎಂತ ಮಾಡಿದೆ?"

ಸಿಗ್ನಲ್ ಹಸಿರಾಯಿತು.

"ಏನೂ ಇಲ್ಲ," ಎಂದ ಎಮ್ರಿಸ್. "ಚೆಂಡು ನನ್ನ ಹತ್ತಿರ ಬರಲೇ ಇಲ್ಲ."