ತಿಜಾನಿ ಮೇಷ್ಟ್ರು ಬಿಚ್ಚಿದ ಬೋಲ್ಟು

ರಂಜಾನಿನ ಕೊನೇ ವಾರ. ಉಪವಾಸ ಬಿಡೋಕೆ ಇನ್ನೂ ಒಂದೂವರೆ ಗಂಟೆ ಇತ್ತು. ಈ ಹೊತ್ತಿನಲ್ಲಿ ಮಹ್ರಸ್ ಊರಿನ ಗಂಡಸರಿಗೆ ಮನೆಯೊಳಗೆ ಜಾಗವಿಲ್ಲ. ಅಡುಗೆಮನೆಗೆ ಇಣುಕಿದರೆ ಬೈಗುಳ, ಮಲಗಿದರೆ ಹಸಿವು ಇನ್ನೂ ಜಾಸ್ತಿ. ಅದಕ್ಕೇ ಬೀದಿಗೆ ಬಂದು ಕಾರಿನ ಬಾನೆಟ್ ಎತ್ತುತ್ತಾರೆ. ಬೆಳಗಿನಿಂದ ಕಾಫಿಯಿಲ್ಲ, ಸಿಗರೇಟಿಲ್ಲ, ತಲೆ ಗೊಂಯ್ ಅನ್ನುತ್ತಿರುತ್ತದೆ. ಇಂಥ ತಲೆ ಇಟ್ಟುಕೊಂಡು ಯಾರಾದರೂ ರಿಪೇರಿಗೆ ಕೈ ಹಾಕುತ್ತಾರಾ? ಹಾಕುತ್ತಾರೆ, ವರ್ಷವರ್ಷವೂ ಹಾಕುತ್ತಾರೆ!

ತಿಜಾನಿ ಮೇಷ್ಟ್ರು ಭೂಗೋಳ ಪಾಠ ಹೇಳಿ ನಿವೃತ್ತರಾದವರು. ಅವರಿಗೆ ಹೊತ್ತು ಕಳೆಯೋ ಚಿಂತೆಯೇ ಇರಲಿಲ್ಲ. ಹೆಂಡತಿ ನಜೀಬಾಳ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಬೆಳಿಗ್ಗೆ ಐದಕ್ಕೆ ಏಳಬೇಕು, ಅವಳನ್ನು ಸ್ಫಾಕ್ಸ್ ಪಟ್ಟಣದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು, ನಾಲ್ಕು ಗಂಟೆ ಕಾರಿಡಾರಿನ ಕುರ್ಚಿಯಲ್ಲಿ ತೂಕಡಿಸಬೇಕು, ಆಮೇಲೆ ಅವಳನ್ನು ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ವಾಪಸ್ ಬರಬೇಕು. ಹಳೇ ಪೂಜೋ ಕಾರು ಕೊಂಡಿದ್ದೇ ಅದಕ್ಕೆ. ನಾಳೆ ಮತ್ತೆ ಸರದಿ. ನಜೀಬಾಳ ಕಾಲು ಆಗಲೇ ಊದಿತ್ತು.

ಆಯಿಲ್ ಬದಲಾಯಿಸಿ ಏಳು ಸಾವಿರ ಕಿಲೋಮೀಟರ್ ದಾಟಿತ್ತು. ಈ ಕೆಲಸವನ್ನು ಮೇಷ್ಟ್ರು ಯಾರ ಕೈಗೂ ಕೊಟ್ಟವರಲ್ಲ. ಮುಂದಿನ ಚಕ್ರ ಎರಡನ್ನೂ ಫುಟ್‌ಪಾತಿಗೆ ಹತ್ತಿಸಿ, ರಟ್ಟು ಹಾಸಿ, ನೀಲಿ ಟಬ್ಬು ತಳ್ಳಿಕೊಂಡು ಕೆಳಗೆ ತೂರಿದರು. ಮೇಲೆ ಬೋಲ್ಟೊಂದು ಕಂಡಿತು. ಬಿಚ್ಚಿದರು. ಆಯಿಲ್ ಸುರಿಯಿತು. ಅಲ್ಲೇ ಮಲಗಿ ಕಣ್ಣು ಮುಚ್ಚಿದರು. ಎಷ್ಟು ಹಾಯಾಗಿತ್ತು! ಯಾರೂ ಕರೆಯುವಂತಿಲ್ಲ, ಕಾರಿನಡಿ ಇದ್ದೇನೆ ಅನ್ನೋ ನೆಪ ಇದೆ.

"ಮೇಷ್ಟ್ರೇ, ಬದುಕಿದ್ದೀರೋ ಹೇಗೆ?" ಎದುರಂಗಡಿಯ ಕ್ಷೌರಿಕ ಲತೀಫ್ ಕೂಗಿದ. "ಬರೀ ಕಾಲು ಕಾಣ್ತಿದೆ, ಗೋರಿ ತೋಡೋಕೆ ಹೇಳ್ಲಾ?"

"ನಿನ್ನ ಬಾಯಿಗೆ ಉಪವಾಸ ಇಲ್ವೇನೋ?"

ಬೋಲ್ಟು ಬಿಗಿದು ಹೊರಬಂದು ಫಿಲ್ಟರ್ ಬದಲಾಯಿಸಿದರು, ಹೊಸ ಆಯಿಲ್ ಪೂರ್ತಿ ಸುರಿದರು. ಅಳತೆ ಕಡ್ಡಿ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆ ದಾಟಿ ಎಲ್ಲೋ ಹೋಗಿತ್ತು. ಒರೆಸಿ ಮತ್ತೆ ಅದ್ದಿದರು. ಮತ್ತೂ ಅಷ್ಟೇ.

ಪಕ್ಕದ ಮನೆಯ ಫರ್ಜಾನಿ ಬಂದ. ದಿನಾ ಸ್ಫಾಕ್ಸ್‌ಗೆ ಬಾಡಿಗೆ ವ್ಯಾನ್ ಓಡಿಸುವವನು. ಟಬ್ಬಿಗೆ ಬೆರಳದ್ದಿ, ಮೂಸಿ, ಹುಬ್ಬೇರಿಸಿದ.

"ಏಳು ಸಾವಿರ ಓಡಿದ ಎಂಜಿನ್ ಆಯಿಲ್ ಕರ್ರಗಾಗದೆ ಜೇನುತುಪ್ಪದ ಹಾಗಿರುತ್ತಾ ಮೇಷ್ಟ್ರೇ? ಅದೂ ಎರಡೇ ಲೀಟರು? ನೀವು ಗೇರ್‌ಬಾಕ್ಸಿನ ಬೋಲ್ಟು ಬಿಚ್ಚಿದ್ದೀರಿ. ಎಂಜಿನ್ನಲ್ಲಿ ಹಳೇದು ಹಾಗೇ ಇದೆ, ಅದರ ಮೇಲೆ ಹೊಸದು ಸುರಿದಿದ್ದೀರಿ!"

"ಅಯ್ಯೋ ದೇವರೇ!"

"ಕೀಲಿ ಮುಟ್ಟಬೇಡಿ, ಎಂಜಿನ್ನು, ಗೇರ್‌ಬಾಕ್ಸು ಎರಡೂ ಹೋಗುತ್ತೆ. ಈ ಗೇರ್ ಆಯಿಲ್ ನಮ್ಮೂರಲ್ಲಿ ಸಿಗಲ್ಲ. ನಾಳೆ ನನ್ನ ವ್ಯಾನಲ್ಲೇ ಬನ್ನಿ, ಅಕ್ಕನಿಗೆ ಹಿಂದಿನ ಸೀಟು ಪೂರ್ತಿ ಬಿಡ್ತೀನಿ. ಹೋದ ವರ್ಷವೂ ಹೇಳಿದ್ದೆ, ನೀವೇ..."

"ನನ್ನ ಹೆಂಡತಿಯನ್ನ ನಾನು ನೋಡ್ಕೋತೀನಿ! ಯಾರ ಹಂಗೂ ಬೇಡ. ನಿನ್ನ ಕೆಲಸ ನೋಡ್ಕೊ ಹೋಗು!"

ಲತೀಫ್ ಮೆಲ್ಲಗೆ ಅಂಗಡಿಯೊಳಗೆ ಸರಿದ. ಫರ್ಜಾನಿ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಮನೆಯೊಳಗೆ ಹೋದ.

ಮೇಷ್ಟ್ರು ಫುಟ್‌ಪಾತಿನ ಮೇಲೆ ಕುಸಿದರು. ಒಬ್ಬೊಬ್ಬರೇ ಮನೆ ಸೇರಿದರು, ಕಿಟಕಿಗಳಿಂದ ಸೂಪಿನ ವಾಸನೆ ಬಂತು. ಕೊನೆಗೆ ನಜೀಬಾ ಗೋಡೆ ಹಿಡಿದುಕೊಂಡು ಹೊರಬಂದು ಮೆಲ್ಲಗೆ ಪಕ್ಕದಲ್ಲಿ ಕೂತಳು.

"ಎಲ್ಲಾ ಕೇಳಿಸ್ತು ಮಾರಾಯ. ಆ ಬಡಪಾಯಿ ಮೇಲೆ ಯಾಕೆ ಹಾರಿಬಿದ್ದೆ?"

ಮೇಷ್ಟ್ರು ನೆಲ ನೋಡುತ್ತಾ ಅಂದರು: "ಕಾರು ಹೊರಡಲ್ಲ ಅಂತ ಅವನು ಅಂದಾಗ ನನಗೆ ಖುಷಿಯಾಯ್ತು, ನಜೀಬಾ. ನಾಳೆ ಐದಕ್ಕೆ ಏಳೋದು ಬೇಡ ಅಂತ. ನಿನ್ನ ಕಾಲು ಊದಿದೆ, ನೀರು ಎದೆಗೇರಿದರೆ ಏನಾಗುತ್ತೆ ಅಂತ ಗೊತ್ತು. ಆದರೂ ಖುಷಿಯಾಯ್ತು. ಎಂಥ ಮನುಷ್ಯ ನಾನು!"

ಹೇಳಿದ ಮೇಲೆ ಅವಳ ಮುಖ ನೋಡಲು ಹೆದರಿಕೆಯಾಯಿತು. ನಜೀಬಾ ಅವರ ಎಣ್ಣೆಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ನನಗೂ ಆಯ್ತು," ಅಂದಳು. "ಆ ಸೂಜಿ, ಆ ಮಂಚ... ಒಂದು ದಿನ ತಪ್ಪಿತಲ್ಲ ಅಂತ ಒಳಗೇ ಕೂತು ನಕ್ಕೆ ಗೊತ್ತಾ? ಖುಷಿಪಟ್ಟರೆ ಪಾಪ ಇಲ್ಲ ಬಿಡು. ಆದರೆ ಪಟ್ಟಿದ್ದು ಸಾಕು. ನನಗೆ ಸಾಯೋ ಆಸೆ ಇಲ್ಲ. ಹೋಗಿ ಅವನನ್ನ ಕೇಳು."

"ಅಷ್ಟು ಬೈದ ಮೇಲೆ ಯಾವ ಮುಖ ಇಟ್ಟುಕೊಂಡು?"

"ಇರೋದೊಂದೇ ಮುಖ, ಅದನ್ನೇ ತಗೊಂಡು ಹೋಗು."

ಅಷ್ಟರಲ್ಲಿ ಮಸೀದಿಯಿಂದ ಕರೆ ಬಂತು. ಈ ಹೊತ್ತಿಗೆ ಯಾರೂ ಯಾರ ಮನೆ ಬಾಗಿಲನ್ನೂ ತಟ್ಟುವುದಿಲ್ಲ. ಹದಿನಾಲ್ಕು ಗಂಟೆ ಕಾದ ಬಾಯಿಗೆ ಮೊದಲ ತುತ್ತು ಹೋಗುವ ಹೊತ್ತು ಅದು. ನಾಳೆಯವರೆಗೆ ಕಾದರೆ ವ್ಯಾನು ನಸುಕಿನಲ್ಲೇ ಹೊರಟಿರುತ್ತದೆ. ಮೇಷ್ಟ್ರು ಹನಿ ನೀರೂ ಕುಡಿಯದೆ ಹೋಗಿ ಬಾಗಿಲು ತಟ್ಟಿದರು.

ಫರ್ಜಾನಿ ಬಾಯಲ್ಲಿ ಖರ್ಜೂರ ಇಟ್ಟುಕೊಂಡೇ ತೆಗೆದ. ಮೇಷ್ಟ್ರು ದಾರಿಯುದ್ದಕ್ಕೂ ಒಂದು ಕ್ಷಮೆಯ ಮಾತು ಹೊಂದಿಸಿಕೊಂಡು ಬಂದಿದ್ದರು. ಅದು ಬರಲಿಲ್ಲ.

"ನನ್ನ ಕೈಲಿ ಆಗ್ತಾ ಇಲ್ಲ, ಫರ್ಜಾನಿ," ಅಂದರು. "ಎರಡು ವರ್ಷ ಆಯ್ತು. ಆಗ್ತಾ ಇಲ್ಲಪ್ಪ."

ಫರ್ಜಾನಿ ಖರ್ಜೂರದ ಬೀಜವನ್ನು ಅಂಗೈಗೆ ತೆಗೆದುಕೊಂಡ. ಮೇಷ್ಟ್ರ ಹೆಗಲಾಚೆ ನೋಡಿ, ಫುಟ್‌ಪಾತಿನ ಮೇಲೆ ಒಬ್ಬಳೇ ಕೂತಿದ್ದ ನಜೀಬಾಳಿಗೆ ಕೇಳುವಂತೆ ಕೂಗಿದ:

"ಅಕ್ಕಾ, ನಾಲ್ಕೂಮುಕ್ಕಾಲಿಗೆ ರೆಡಿಯಾಗಿರಿ. ನಾಳೆ ನಾನೇ ಕರ್ಕೊಂಡು ಹೋಗಿ ಕರ್ಕೊಂಡು ಬರ್ತೀನಿ. ಮೇಷ್ಟ್ರು ಮನೇಲಿ ಮಲಗಲಿ."