ಬೈಯಲು ಬಾರದ ಆದ್ಯಾ

“ಕುಂಡ್ರಿಸಿ ಮಣ್ಣು ಕೊಡೂದು ಬಿಟ್ಟು ಮಲಗಿಸಿ ಕೊಟ್ಟಿರಿ. ನಮ್ಮ ಮಂದ್ಯಾಗ ಹಿಂಗೈತೇನು?” ಎಂದು ಬಳಗದ ಹಿರಿಯ ಗುರುಶಾಂತಪ್ಪ ಕಾರಿನ ಹಿಂದಿನ ಸೀಟಿನಿಂದ ಮೂರನೆಯ ಸಲ ಕೇಳಿದರು.

“ಕಾಕಾ, ಇಲ್ಲಿ ಸ್ಮಶಾನದವರು ಒಪ್ಪಲಿಲ್ಲ. ಆರು ಸಲ ಇಮೇಲ್ ಮಾಡೇನಿ,” ಎಂದ ಸಂಕೇತ. ಅಪ್ಪನ ಗುಂಡಿಯ ಮಣ್ಣು ಇನ್ನೂ ಅವನ ಉಗುರುಗಳಲ್ಲಿತ್ತು.

“ಇಮೇಲ್‌ಗೆ ಯಾರು ಅಂಜತಾರಪಾ? ಒದರಬೇಕು. ನಿಮ್ಮಪ್ಪ ಇದ್ದಿದ್ರ ಒದರಿ ಕುಂಡ್ರಿಸತಿದ್ದ.”

“ಕುಂಡ್ರಬೇಕಾದವರು ಮಾವನವರ ಅಲ್ಲೇನ್ರೀ ಕಾಕಾ?” ಎಂದಳು ಮುಂದೆ ಕೂತಿದ್ದ ಸಂಧ್ಯಾರಾಣಿ. ಸಂಕೇತ ಹೆಂಡತಿಯತ್ತ ಕಣ್ಣು ಬಿಟ್ಟ.

ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ಮನೆಯಲ್ಲಿ ಸಂಕೇತನ ತಾಯಿ ಮಲ್ಲವ್ವ ಚಾಪೆಯ ಮೇಲೆ ಬೆಳಗ್ಗೆ ಕೂತಂತೆಯೇ ಕೂತಿದ್ದಳು. ಅವಳಿಗೆ ಮರೆವಿನ ರೋಗ. ಗಂಡ ಸತ್ತ ಸುದ್ದಿಯನ್ನು ಐದು ದಿನಗಳಲ್ಲಿ ನಾಲ್ಕು ಸಲ ಹೇಳಿಯಾಗಿತ್ತು. ಎದುರಿಗೆ ತಟ್ಟೆ, ತಟ್ಟೆಯಾಚೆ ಮಂಡಿಯೂರಿದ ಆದ್ಯಾ. ಆರೈಕೆಗೆಂದು ಬಾಡಿಗೆಗೆ ತಂದ ಯಂತ್ರ. ಹೆಣ್ಣಿನ ಮುಖ, ಬೆಚ್ಚಗಿನ ಕೈ, ರೆಪ್ಪೆಯನ್ನೂ ಬಡಿಯುತ್ತಿತ್ತು.

“ಅಮ್ಮಾ, ದಯವಿಟ್ಟು ಒಂದು ತುತ್ತು. ನಿಮ್ಮ ಆರೋಗ್ಯ ನಮಗೆ ಮುಖ್ಯ,” ಎಂದಿತು.

ಐದು ದಿನದಿಂದ ಬರೀ ಹಾಲು. ಇವತ್ತೂ ಉಣ್ಣದಿದ್ದರೆ ನಾಳೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕಬೇಕು ಎಂದಿದ್ದರು ಡಾಕ್ಟರು.

“ಪ್ಲೀಸ್ ಅವ್ವಾ, ನಮ್ಮ ಸಲುವಾಗಿ,” ಎಂದ ಸಂಕೇತ.

ಮಲ್ಲವ್ವ ಯಂತ್ರವನ್ನೂ ಮಗನನ್ನೂ ನೋಡಿದಳು. “ಇವರು ಯಾರ ಮನಿಯವರು?” ಎಂದಳು.

*

ಸಂಕೇತನ ಅಪ್ಪ ಶಿವಪುತ್ರಪ್ಪ ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದವನು. ಒದರುವುದೇ ಉದ್ಯೋಗ. ಮರೆವು ಬಂದ ಮೇಲೆ ಮಲ್ಲವ್ವ ಅವನು ಬೈದರೆ ಮಾತ್ರ ಉಣ್ಣುತ್ತಿದ್ದಳು; ಅರ್ಧ ರೊಟ್ಟಿಗೆ ಬೆಣ್ಣೆ ಸವರಿ ಅವನ ಕಡೆ ಸರಿಸುತ್ತಿದ್ದಳು. ತನ್ನ ಎದೆಗೆ ಸ್ಟೆಂಟ್ ಬಿದ್ದ ವಾರವೇ ಅವನು ಆದ್ಯಾಗೆ ಪಾಠ ಶುರುಮಾಡಿದ.

“ದಯವಿಟ್ಟು ಅನಬ್ಯಾಡ, ಲೇ. ಮನಿ ಮಂದಿ ಹಂಗಂತಾರೇನು? ಸಿಟ್ಟಿಗೇಳು.”

“ಸಿಟ್ಟಿಗೆ ಕಾರಣವೇನು?”

“ರೊಟ್ಟಿ ಆರೇತಿ. ಅಷ್ಟ ಸಾಕು.”

ಎಂಟು ತಿಂಗಳು ಹಿಡಿಯಿತು. ಕೊನೆಗೆ ಆದ್ಯಾ ಬೈದರೂ ಮಲ್ಲವ್ವ, “ನಿನ್ನ ಬಾಯಾಗ ಮಣ್ಣ ಹಾಕಲಿ,” ಎನ್ನುತ್ತ ಉಣ್ಣತೊಡಗಿದಳು.

ಒಂದು ಭಾನುವಾರ ಸಂಕೇತನ ನಾರ್ತ್ ಸಿಡ್ನಿ ಆಫೀಸಿನ ಮ್ಯಾನೇಜರ್ ಅಪೂರ್ವ ಊಟಕ್ಕೆ ಬಂದು ತಟ್ಟೆಯಲ್ಲಿ ಅನ್ನ ಬಿಟ್ಟಳು. “ಯಾರಪ್ಪನ ಗಂಟಂತ ಚೆಲ್ಲತಿ? ಮುಕ್ಕು!” ಎಂದಿತು ಆದ್ಯಾ. ಅಂದೇ ಸಂಜೆ ಸಂಕೇತ ಅದನ್ನು ರೀಸೆಟ್ ಮಾಡಿದ; ಕಲಿತದ್ದೆಲ್ಲ ಅಳಿಸಿಹೋಯಿತು.

ಶಿವಪುತ್ರಪ್ಪ ಮರುದಿನ ಕುರ್ಚಿ ಎಳೆದುಕೊಂಡು ಮೊದಲಿನಿಂದ ಪಾಠ ಹಿಡಿದ. ನಾಲ್ಕನೆಯ ದಿನ ಅದೇ ಕುರ್ಚಿಯಲ್ಲಿ ಸತ್ತ.

*

“ತಾಯೀ, ಶಿವನ ಪ್ರಸಾದ ಅಂತ ತಗೋ,” ಎಂದರು ಗುರುಶಾಂತಪ್ಪ. ಮಲ್ಲವ್ವ ತಗೊಳ್ಳಲಿಲ್ಲ.

“ಅತ್ತೀ, ಎಣ್ಣಿಗಾಯಿ ಮಾಡೇನ್ರಿ,” ಎಂದಳು ಸಂಧ್ಯಾರಾಣಿ. ಅದೂ ಆಗಲಿಲ್ಲ.

“ನಿಮ್ಮ ಭಾವನೆಗಳನ್ನು ನಾನು ಗೌರವಿಸುತ್ತೇನೆ, ಅಮ್ಮಾ,” ಎಂದಿತು ಆದ್ಯಾ.

ಸಂಕೇತ ಅದರ ಬಾಯನ್ನೇ ನೋಡುತ್ತ ನಿಂತ.

“ಅದನ್ನೇನ್ ನೋಡ್ತೀರಿ?” ಎಂದಳು ಸಂಧ್ಯಾರಾಣಿ. “ರೀಸೆಟ್ ಒತ್ತಿದ ಕೈ ನಿಮ್ಮದು. ಬಾಯಿ ನಿಮಗೂ ಐತೆಲ್ಲ.”

“ಅವ್ವಾ, ಪ್ಲೀಸ್—” ಎಂದು ಅವನು ತಟ್ಟೆಯನ್ನು ಇನ್ನಷ್ಟು ಹತ್ತಿರ ಒಯ್ದ. ಮಲ್ಲವ್ವ ನೂಕಿದಳು. ಪಲ್ಯದ ಎಣ್ಣೆ ಅವನ ಬಿಳಿ ಪಂಚೆಯ ಮೇಲೆ ಇಳಿಯಿತು.

“ಏನ್ ಹಚ್ಚೀಯಬೇ ಇದು!” ಎಂದು ಒದರಿದ. “ಮುಂಜಾನಿಂದ ಒಂದ ತಾಟ ಹಿಡಕೊಂಡ ಎಲ್ಲಾರ್ನೂ ಕುಣಸಾಕತ್ತಿ! ಅಪ್ಪನ್ನ ಮಣ್ಣಾಗ ಇಟ್ಟ ಬಂದೇನಿ, ಇನ್ನ ನಿನಗ ನಳಿಗಿ ಹಾಕಸಲೇನು? ಉಣ್ಣು!”

ಗುರುಶಾಂತಪ್ಪ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು.

“ದಯವಿಟ್ಟು ದನಿ ತಗ್ಗಿಸಿ ಮಾತಾಡಿ,” ಎಂದಿತು ಆದ್ಯಾ.

“ನೀ ಸುಮ್ನಿರವಾ,” ಎಂದಳು ಮಲ್ಲವ್ವ ಅದಕ್ಕೆ. “ಅವರು ಮೊದಲಿಂದಾನೂ ಹಂಗ.”

ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ರೊಟ್ಟಿ ಮುರಿದು ಒಂದು ಚೂರು ಬಾಯಿಗಿಟ್ಟು ನಿಧಾನಕ್ಕೆ ಅಗಿದಳು. ಉಳಿದ ಅರ್ಧವನ್ನು ಸಂಕೇತನ ಕಡೆಯ ಅಂಚಿಗೆ ಸರಿಸಿ, ಬೆರಳಿನಿಂದ ಅದಕ್ಕೆ ಬೆಣ್ಣೆ ಸವರತೊಡಗಿದಳು.